ಫೋನು ಬದಲಾದಾಗ ಹೆಸರುಗಳ ಪಾಡು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ತಂದೆಯವರ ಹಳೆಯ ಫೋನಿನಲ್ಲಿ ನಾನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಹೊಸ ಫೋನು ಕೊಂಡಾಗ ಅವನ್ನೆಲ್ಲ ಅದಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆಯಲ್ಲಿ ಮುಗಿಸಿ ಕೈಗಿತ್ತೆ. ಮಾರನೆಯ ಬೆಳಿಗ್ಗೆ ಅವರು ಹಾಲಿನವರ ನಂಬರ್ ಹುಡುಕಿದರೆ ಸಿಗಲಿಲ್ಲ. 'ಹಾಲು ಶಿವಣ್ಣ' ಎಂದು ಅವರು ಬರೆದಿಟ್ಟಿದ್ದ ಹೆಸರು 'ಶಿವಣ್ಣ ಹಾಲು' ಎಂದಾಗಿ, ಹಕಾರದ ಸಾಲನ್ನು ಬಿಟ್ಟು ಶಕಾರದ ಸಾಲಿಗೆ ಹೋಗಿ ಕುಳಿತಿತ್ತು. ನಂಬರ್ ಸರಿಯಾಗಿಯೇ ಇತ್ತು, ಹೆಸರು ಮಾತ್ರ ಮಗುಚಿತ್ತು.

ಇದಕ್ಕೆ ಕಾರಣ ಹೆಸರನ್ನು ಕಡತದೊಳಗೆ ಇಡುವ ಕ್ರಮದಲ್ಲಿದೆ. ಫೋನುಗಳು ತಮ್ಮ ವಿಳಾಸ ಪುಸ್ತಕವನ್ನು ಹೊರಗೆ ಕೊಡುವಾಗ ಸಾಮಾನ್ಯವಾಗಿ ವಿ-ಕಾರ್ಡ್ ಎಂಬ ನಮೂನೆಯನ್ನು ಬಳಸುತ್ತವೆ. ಆಪಲ್, ಎಟಿ ಆಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಕಂಪನಿಗಳು ಸೇರಿ ಕಟ್ಟಿಕೊಂಡಿದ್ದ ಒಕ್ಕೂಟವೊಂದು 1990ರ ದಶಕದ ನಡುವೆ ಇದನ್ನು ರೂಪಿಸಿತು. 1996ರಲ್ಲಿ 2.1, 1998ರಲ್ಲಿ 3.0, 2011ರಲ್ಲಿ 4.0 ಆವೃತ್ತಿಗಳು ಬಂದವು. ಮೂರೂ ಇಂದಿಗೂ ಬಳಕೆಯಲ್ಲಿವೆ. ಈ ನಮೂನೆಯಲ್ಲಿ ಹೆಸರಿಗೆ ಮೂಲತಃ ಐದು ಖಾನೆಗಳಿದ್ದು, ಮೊದಲನೆಯದು ಮನೆತನದ ಹೆಸರಿಗೆ, ಎರಡನೆಯದು ವ್ಯಕ್ತಿಯ ಸ್ವಂತ ಹೆಸರಿಗೆ ಮೀಸಲು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ನಮಗೆ ಈ ಖಾನೆಗಳು ಅಷ್ಟಾಗಿ ಒಗ್ಗುವುದಿಲ್ಲ. ಎರಡು ಪದ ಕಂಡ ಕೂಡಲೇ ಕೊನೆಯದನ್ನು ಮನೆತನದ ಹೆಸರೆಂದು ತಿಳಿಯುವ ತಂತ್ರಾಂಶವು ನಮ್ಮ ಶಿವಣ್ಣನವರನ್ನು 'ಹಾಲು' ಎಂಬ ಹೆಸರಿನ, 'ಶಿವಣ್ಣ' ಮನೆತನದ ವ್ಯಕ್ತಿಯನ್ನಾಗಿ ಮಾಡಿತ್ತು. ಇಡೀ ಹೆಸರನ್ನು ಸ್ವಂತ ಹೆಸರಿನ ಖಾನೆಯಲ್ಲೇ ತುಂಬಿ, ಮನೆತನದ ಖಾನೆಯನ್ನು ಖಾಲಿ ಬಿಡುವುದೇ ಇದಕ್ಕೆ ನಾನು ಕಂಡುಕೊಂಡ ಉಪಾಯ.

ಇನ್ನು ಅಕ್ಷರಗಳ ವಿಷಯ. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಏರ್ಪಾಡು ಯೂನಿಕೋಡ್, ಆ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಒಂದು ಪದ್ಧತಿ ಯುಟಿಎಫ್-8. ಯೂನಿಕೋಡ್ ಕನ್ನಡದ ಪ್ರತಿಯೊಂದು ಸಂಕೇತವೂ ಈ ಪದ್ಧತಿಯಲ್ಲಿ ಮೂರು ಬೈಟುಗಳನ್ನು, ಅಂದರೆ ಕಡತದ ಮೂರು ಪುಟ್ಟ ಘಟಕಗಳನ್ನು, ತೆಗೆದುಕೊಳ್ಳುತ್ತದೆ. 2.1 ಆವೃತ್ತಿಯ ಕಡತವನ್ನು ತೆರೆದು ನೋಡಿದರೆ ಅಲ್ಲಿ 'ರ' ಎಂಬ ಅಕ್ಷರದ ಬದಲು ಸಮ ಚಿಹ್ನೆ, ಇ ಸೊನ್ನೆ, ಮತ್ತೆ ಸಮ ಚಿಹ್ನೆ, ಬಿ ಎರಡು, ಮತ್ತೆ ಸಮ ಚಿಹ್ನೆ, ಬಿ ಸೊನ್ನೆ ಎಂಬ ಸಾಲು ಕಾಣಬಹುದು. ಗಾಬರಿಯಾಗಬೇಕಿಲ್ಲ, ಅದು ಕೆಟ್ಟ ಕಡತವಲ್ಲ. ಹಳೆಯ ಜಾಲಗಳಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ಸುರಕ್ಷಿತವಾಗಿ ಸಾಗಿಸಲು ಮಾಡಿಕೊಂಡಿದ್ದ ಏರ್ಪಾಡು ಅದು. 3.0 ಆವೃತ್ತಿಯು ಈ ಸುತ್ತುಬಳಸನ್ನು ಕೈಬಿಟ್ಟಿತು, 4.0 ಆವೃತ್ತಿಯು ಯುಟಿಎಫ್-8 ಅನ್ನೇ ಕಡ್ಡಾಯ ಮಾಡಿತು. ಆದರೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ 'ಎ' ಅಕ್ಷರವು ಹೆಸರಿನ ತುಂಬ ಮತ್ತೆ ಮತ್ತೆ ಕಾಣಿಸಿಕೊಂಡರೆ, ಯುಟಿಎಫ್-8 ಕಡತವನ್ನು ಬೇರೊಂದು ಪದ್ಧತಿಯದೆಂದು ತಿಳಿದು ಓದಲಾಗಿದೆ ಎಂದರ್ಥ. ಅಂಥ ಸ್ಥಿತಿಯಲ್ಲಿ ಸೇವ್ ಮಾಡದೆ ಮುಚ್ಚಿ, ಪದ್ಧತಿಯನ್ನು ಸರಿಯಾಗಿ ಸೂಚಿಸಿ ಮತ್ತೆ ತೆರೆಯಬೇಕು.

ಇದಕ್ಕಿಂತ ಕಷ್ಟದ್ದು ಕನ್ನಡ ಬೆರಳಚ್ಚಿಗೆ ಬಳಸುವ ನುಡಿ ಎಂಬ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳದು. ಸಂಘಗಳ ಸದಸ್ಯರ ಪಟ್ಟಿ, ಮದುವೆಯ ಆಮಂತ್ರಣದ ಪಟ್ಟಿ ಇಂಥವು ಇನ್ನೂ ಎಷ್ಟೋ ಕಂಪ್ಯೂಟರುಗಳಲ್ಲಿ ಆ ರೂಪದಲ್ಲೇ ಇವೆ. ಅಲ್ಲಿ ಕನ್ನಡ ಇರುವುದು ತೋರಿಕೆಗೆ ಮಾತ್ರ. ಫಾಂಟನ್ನು ತೆಗೆದು ನೋಡಿದರೆ 'ಕನ್ನಡ' ಎಂಬ ಪದವೇ ಇಂಗ್ಲಿಷಿನ 'ಪಿ' ಅಕ್ಷರದಿಂದ ಶುರುವಾಗಿ, 'ನ' ಇರಬೇಕಾದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತನ್ನು ಹೊತ್ತು ನಿಂತಿರುತ್ತದೆ. ಫೋನಿಗೆ ಕಾಣುವುದೂ ಅದೇ. ಆದ್ದರಿಂದ ಇಂಥ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಅನಂತರವೇ ವಿ-ಕಾರ್ಡ್ ಮಾಡಬೇಕು. ಪರಿವರ್ತಕಕ್ಕೆ ಹೆಸರು ಮತ್ತು ವಿಳಾಸದ ಕಂಬಗಳನ್ನು, ಅಂದರೆ ಕಾಲಮ್ಮುಗಳನ್ನು, ಮಾತ್ರ ಕೊಡಿ. ಇ-ಮೇಲ್ ಕಂಬವನ್ನೂ ಕೊಟ್ಟರೆ ಅದರ ಇಂಗ್ಲಿಷ್ ಅಕ್ಷರಗಳೂ ಕನ್ನಡವಾಗಿ ಹೋಗಿ, ಓದಲು ಬಾರದ ವಿಚಿತ್ರ ಪದಗಳು ಉಳಿಯುತ್ತವೆ.

ಪಟ್ಟಿಯನ್ನು ತಿದ್ದಲು ಅನುಕೂಲವಾದ ನಮೂನೆಯೆಂದರೆ ಅಲ್ಪವಿರಾಮದಿಂದ ಖಾನೆಗಳನ್ನು ಬೇರ್ಪಡಿಸುವ ಸಿಎಸ್‌ವಿ. ಇದು ಸರಳ, ಆದರೆ ನಮ್ಮ ವಿಳಾಸಗಳಲ್ಲಿ ಅಲ್ಪವಿರಾಮಗಳೇ ಹೆಚ್ಚು. ಮನೆ ನಂಬರ್, ಅಡ್ಡರಸ್ತೆ, ಬಡಾವಣೆ ಎಂದು ಬರೆದ ಒಂದು ವಿಳಾಸವು ಉದ್ಧರಣ ಚಿಹ್ನೆಗಳ ಒಳಗಿಲ್ಲದಿದ್ದರೆ ಮೂರು ಖಾನೆಗಳಾಗಿ ಒಡೆದು, ಅದರ ಮುಂದಿರುವುದೆಲ್ಲ ಪಕ್ಕಕ್ಕೆ ಸರಿಯುತ್ತದೆ. 'ಗಣಪತಿ ಗುಡಿಯ ಹಿಂದೆ' ಎಂಬ ಗುರುತಿಗಂತೂ ಸಾಮಾನ್ಯವಾಗಿ ಪ್ರತ್ಯೇಕ ಜಾಗವಿರುವುದಿಲ್ಲ, ಅದನ್ನು ಬೀದಿಯ ಖಾನೆಯಲ್ಲೇ ಸೇರಿಸಬೇಕಾಗುತ್ತದೆ.

ನಾನು ಹೆಚ್ಚಾಗಿ ಎಚ್ಚರಿಸಬಯಸುವುದು ನಂಬರುಗಳ ಬಗ್ಗೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಅದು ಫೋನ್ ನಂಬರನ್ನು ಲೆಕ್ಕದ ಸಂಖ್ಯೆಯೆಂದೇ ಭಾವಿಸುತ್ತದೆ. ಬೆಂಗಳೂರಿನ 080, ಮೈಸೂರಿನ 0821 ಇವುಗಳ ಮುಂದಿನ ಸೊನ್ನೆ ಉದುರುತ್ತದೆ, 91ರ ಹಿಂದಿನ ಪ್ಲಸ್ ಚಿಹ್ನೆಯೂ ಹೋಗುತ್ತದೆ. ಹನ್ನೆರಡು ಅಂಕಿಗಳ ನಂಬರು 9.19 ಮತ್ತು ಹತ್ತರ ಘಾತ 11 ಎಂಬಂಥ ಸಂಕ್ಷಿಪ್ತ ರೂಪಕ್ಕೆ ಇಳಿಯಬಹುದು. ಅದನ್ನು ಹಾಗೆಯೇ ಮತ್ತೆ ಸಿಎಸ್‌ವಿಯಾಗಿ ಸೇವ್ ಮಾಡಿದರೆ ತೆರೆಯ ಮೇಲೆ ಕಂಡಷ್ಟೇ ಕಡತದಲ್ಲಿ ಉಳಿದು, ಮಿಕ್ಕ ಅಂಕಿಗಳು ಶಾಶ್ವತವಾಗಿ ಅಳಿಸಿಹೋಗುತ್ತವೆ. ಆದುದರಿಂದ ಕಡತವನ್ನು ಎರಡು ಬಾರಿ ಒತ್ತಿ ತೆರೆಯದೆ, ಇಂಪೋರ್ಟ್ ಮಾರ್ಗದಿಂದ ಒಳಗೆ ತಂದು, ನಂಬರಿನ ಕಂಬವನ್ನು ಪಠ್ಯವೆಂದು ಗುರುತಿಸಬೇಕು.

ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಬೇರೆಡೆ ಇಟ್ಟಿರಿ. ಹಲವು ಹೆಸರುಗಳ ವಿ-ಕಾರ್ಡ್ ಕಡತವನ್ನು ಕೊಟ್ಟರೂ ಮೊದಲ ಹೆಸರನ್ನಷ್ಟೇ ಒಳಗೆ ಬಿಟ್ಟುಕೊಳ್ಳುವ ತಂತ್ರಾಂಶಗಳಿವೆ. ಹೀಗಾಗಿ ಹಳೆಯ ಫೋನಿನ ಎಣಿಕೆಯನ್ನು ಹೊಸದರ ಎಣಿಕೆಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ನಮ್ಮ ತಂದೆಯವರಂತೂ ಎಣಿಕೆಯನ್ನು ನಂಬಲಿಲ್ಲ. ಹಳೆಯ ಫೋನನ್ನು ಎಡಗೈಯಲ್ಲಿ, ಹೊಸದನ್ನು ಬಲಗೈಯಲ್ಲಿ ಹಿಡಿದು, ಎರಡು ಸಂಜೆ ಕುಳಿತು ಒಂದೊಂದಾಗಿ ನೋಡಿ ಮುಗಿಸಿದ ಮೇಲೆಯೇ ಹಳೆಯದನ್ನು ಅಳಿಸಲು ನನಗೆ ಅನುಮತಿ ಕೊಟ್ಟರು.

ನಮಸ್ಕಾರ.