ಒಂದರ ಮೇಲೆ ಪೆಟ್ಟು

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಕೆಲಸ ಮಾಡಿ. ಕೈಗೆ ಏನು ಸಿಗುತ್ತದೋ ತೆಗೆದುಕೊಳ್ಳಿ. ಸೌಟಿದ್ದರೆ ಸೌಟು, ಪೆನ್ನಿದ್ದರೆ ಪೆನ್ನು. ಗಾಡಿ ಓಡಿಸುತ್ತಾ ಕೇಳುತ್ತಿರುವವರು ಸುಮ್ನೆ ಕೇಳಿ, ಸಿಗ್ನಲ್ ಬಿದ್ದಾಗ ಸೇರಿಕೊಳ್ಳಿ. ನಾನಿಲ್ಲಿ ಮೇಜಿನ ಮೇಲೆ ತಟ್ಟುತ್ತೇನೆ, ಜೊತೆಗೆ ನೀವೂ ತಟ್ಟಿ. ಒಂದು, ಎರಡು, ಮೂರು, ನಾಲ್ಕು. ಒಂದು, ಎರಡು, ಮೂರು, ನಾಲ್ಕು. ಈಗ ಮಿಕ್ಕ ಮೂರನ್ನು ಮೆಲ್ಲಗೆ ತಟ್ಟಿ, ಒಂದಕ್ಕೆ ಮಾತ್ರ ಜೋರು ಪೆಟ್ಟು. ಒಂದು! ಎರಡು ಮೂರು ನಾಲ್ಕು. ಒಂದು! ಎರಡು ಮೂರು ನಾಲ್ಕು.

ಇದೇ ಫಂಕ್, ಅಮೆರಿಕದ ಒಂದು ಬಗೆಯ ಕುಣಿಸುವ ಸಂಗೀತ. ನಿಜ ಹೇಳಬೇಕೆಂದರೆ ಭಾಷಣ ಇಲ್ಲಿಗೇ ಮುಗಿಯಿತು. ಆದರೆ ಹತ್ತು ನಿಮಿಷ ಕೊಟ್ಟಿದ್ದಾರೆ, ಕೊಟ್ಟದ್ದನ್ನು ಬಿಡೋದಕ್ಕಾಗುತ್ತಾ?

ನಾನು ಬೇಸ್ ಗಿಟಾರ್, ಅಂದರೆ ತಳದ ಸ್ವರ ಕೊಡುವ ದಪ್ಪ ತಂತಿಯ ಗಿಟಾರ್, ಹೇಳಿಕೊಡುವ ಮೇಷ್ಟ್ರು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ಬಾರಿಸಿದ್ದೇನೆ. ಆರ್ಕೆಸ್ಟ್ರಾ ಫೋಟೋದಲ್ಲಿ ಸ್ಪೀಕರ್ ಬಾಕ್ಸಿನ ಹಿಂದೆ ಅರ್ಧ ಮುಖ ಕಾಣುತ್ತದಲ್ಲ, ಅವನೇ ನಾನು. ಹಾಗಾಗಿ ಇವತ್ತು ಸ್ವಲ್ಪ ಪಕ್ಷಪಾತ ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇವತ್ತಿನ ವಿಷಯ ಅಮೆರಿಕದ ಒಬ್ಬ ಪಿಯಾನೊ ವಾದಕರು. ಹೆಸರು ಬ್ರಯನ್ ಕಲ್ಬರ್ಟ್‌ಸನ್. ಹುಟ್ಟಿದ್ದು 1973ರಲ್ಲಿ, ಇಲಿನಾಯ್ ರಾಜ್ಯದ ಡೆಕೇಟರ್ ಅನ್ನುವ ಊರಿನಲ್ಲಿ. ಅವರು ಹೆಸರು ಮಾಡಿದ್ದು ಸ್ಮೂತ್ ಜಾಝ್‌ನಲ್ಲಿ.

ಸ್ಮೂತ್ ಜಾಝ್ ನಿಮಗೆ ಗೊತ್ತು. ಹೆಸರು ಕೇಳಿಲ್ಲದಿರಬಹುದು, ಕಿವಿಗಂತೂ ಗೊತ್ತು. ದೊಡ್ಡ ಹೋಟೆಲಿನ ಲಿಫ್ಟಿನಲ್ಲಿ ಬರುತ್ತದೆ. ಫೋನ್ ಹಿಡಿದುಕೊಂಡು ಕಸ್ಟಮರ್ ಕೇರ್‌ನವರಿಗೆ ಕಾಯುವಾಗ ಬರುತ್ತದೆ. ಮೆತ್ತಗಿನ ಸ್ಯಾಕ್ಸೊಫೋನ್, ಮೆತ್ತಗಿನ ಪಿಯಾನೊ, ಯಾರನ್ನೂ ಎಬ್ಬಿಸದ ಡ್ರಮ್ಸು. ಅದು ಒಗ್ಗರಣೆ ಹಾಕದ ಮೊಸರನ್ನ. ಹೊಟ್ಟೆಗೆ ಒಳ್ಳೇದೇ, ನಾನು ಬೈಯುತ್ತಿಲ್ಲ. ಆ ಹೆಸರನ್ನು ಬೆಳೆಸಿದ್ದೇ ಅಮೆರಿಕದ ರೇಡಿಯೊ. 1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ದ ವೇವ್ ಅನ್ನುವ ಕೇಂದ್ರ ಶುರುವಾಯಿತು. ಆಮೇಲೆ ಊರೂರಿಗೆ ಅಂಥದ್ದೊಂದು. ಆಫೀಸಿನಲ್ಲಿ ಕೆಲಸ ಮಾಡುವವರಿಗೆ ತೊಂದರೆ ಆಗದ ಹಾಗೆ ದಿನವಿಡೀ ಹಾಕುವ ಸಂಗೀತ ಅದು.

ಕಲ್ಬರ್ಟ್‌ಸನ್ ಷಿಕಾಗೊದಲ್ಲಿ ಓದುವಾಗಲೇ ತಮ್ಮ ಮನೆಯಲ್ಲಿ ಕೂತು ಒಂದು ಆಲ್ಬಂ ಮಾಡಿದರು. 1994ರಲ್ಲಿ ಅದು ಬಂತು, ರೇಡಿಯೊದವರು ಎತ್ತಿಕೊಂಡರು. ಹತ್ತು ಹನ್ನೆರಡು ವರ್ಷ ಅದೇ ದಾರಿ, ಒಳ್ಳೆಯ ಹೆಸರು, ಒಳ್ಳೆಯ ಸಂಪಾದನೆ. 2008ರಲ್ಲಿ ಅವರು ಒಂದು ಆಲ್ಬಂ ಬಿಟ್ಟರು. ಹೆಸರೇ ಬ್ರಿಂಗಿಂಗ್ ಬ್ಯಾಕ್ ದ ಫಂಕ್. ಅಂದರೆ ಫಂಕನ್ನು ವಾಪಸು ಕರೆದುಕೊಂಡು ಬರೋದು.

ಎಲ್ಲಿಂದ ವಾಪಸು? ಅಪ್ಪನ ಮನೆಯಿಂದ. ಅವರ ತಂದೆ ಡೆಕೇಟರ್‌ನಲ್ಲಿ ಹೈಸ್ಕೂಲಿನ ಬ್ಯಾಂಡ್ ಮೇಷ್ಟ್ರು, ಟ್ರಂಪೆಟ್ ಊದುವವರು. ಮನೆಯಲ್ಲಿ ತಿರುಗುತ್ತಿದ್ದ ರೆಕಾರ್ಡುಗಳು ಅರ್ಥ್ ವಿಂಡ್ ಅಂಡ್ ಫೈರ್, ಟವರ್ ಆಫ್ ಪವರ್ ಅನ್ನುವ ಫಂಕ್ ತಂಡಗಳವು. ಹುಡುಗ ಪಿಯಾನೊ ಕಲಿತ, ಡ್ರಮ್ಸ್ ಕಲಿತ, ಟ್ರಾಂಬೋನ್ ಅನ್ನುವ ಉದ್ದನೆಯ ತುತ್ತೂರಿ ಕಲಿತ, ಬೇಸ್ ಕೂಡ ಕಲಿತ. ಎಂಟನೇ ಕ್ಲಾಸಿನ ಹುಡುಗನ ಕೈಗೆ ಬೇಸ್ ಕೊಟ್ಟು ನೋಡಿ, ಅವನು ಲಿಫ್ಟಿನ ಸಂಗೀತ ಬಾರಿಸುವುದಿಲ್ಲ. ಹುಡುಕುವುದು ಆ ಒಂದನ್ನೇ.

ಒಂದು ಅಂದೆನಲ್ಲ, ಅದನ್ನು ಹಿಡಿದುಕೊಟ್ಟವರು ಅಮೆರಿಕದ ಹಾಡುಗಾರ ಜೇಮ್ಸ್ ಬ್ರೌನ್. ಅಮೆರಿಕದ ಹಾಡುಗಳಲ್ಲಿ ಆಗ ಚಪ್ಪಾಳೆ ಬೀಳುತ್ತಿದ್ದದ್ದು ಎರಡಕ್ಕೆ ಮತ್ತು ನಾಲ್ಕಕ್ಕೆ. ಬ್ರೌನ್ ಅದನ್ನು ಎತ್ತಿ ಒಂದರ ಮೇಲೆ ಇಟ್ಟರು. 1967ರ ಕೋಲ್ಡ್ ಸ್ವೆಟ್ ಅನ್ನುವ ಹಾಡು ಕೇಳಿ. ಗಿಟಾರ್, ಟ್ರಂಪೆಟ್, ಬೇಸ್, ಎಲ್ಲವೂ ಡ್ರಮ್ಮಿನ ಕೆಲಸ ಮಾಡುತ್ತವೆ. ಆ ಹಾಡನ್ನು ಬ್ರೌನ್ ಜೊತೆ ಕೂತು ಕಟ್ಟಿದ ಪೀ ವೀ ಎಲ್ಲಿಸ್ ಜಾಝ್ ಕಲಿತವರು. ಅಂದಮೇಲೆ ಜಾಝ್‌ನವರು ಫಂಕಿಗೆ ಬಂದರೆ ಕೆಳಗಿಳಿದರು ಅಂತ ಮೂಗು ಮುರಿಯುತ್ತಾರಲ್ಲ, ಅವರಿಗೆ ಏನು ಹೇಳೋಣ? ಫಂಕ್ ಹುಟ್ಟಿದ ಮನೆಯಲ್ಲಿ ಜಾಝ್‌ನವರು ಮೊದಲಿನಿಂದಲೂ ಇದ್ದರು.

ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ತಬಲಾದವರು ತಿಹಾಯಿ ಹೊಡೆದು, ಅಂದರೆ ಒಂದೇ ಬೋಲನ್ನು ಮೂರು ಸಲ ನುಡಿಸಿ, ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದಾಗ ನೀವು ತಲೆದೂಗುತ್ತೀರಲ್ಲ, ಈ ಒಂದು ಅಂದರೆ ಅದೇ ಸಮ. ಫಂಕಿನಲ್ಲಿ ಅದು ನಾಲ್ಕು ಎಣಿಸುವಷ್ಟರಲ್ಲಿ ಮತ್ತೆ ಬರುತ್ತದೆ, ಮತ್ತೆ ಬರುತ್ತದೆ.

ಈಗ ನನಗೆ ಬಹಳ ಇಷ್ಟವಾದ ಕಥೆ. ಲ್ಯಾರಿ ಗ್ರಹಾಂ ಅಂತ ಒಬ್ಬ ಬೇಸ್ ವಾದಕರಿದ್ದಾರೆ. ಕಲ್ಬರ್ಟ್‌ಸನ್ ಅವರ 2008ರ ಆ ಆಲ್ಬಂನಲ್ಲಿ ಇವರೂ ಇದ್ದಾರೆ, ಹಾಗಾಗಿ ವಿಷಯ ಬಿಟ್ಟು ಹೋಗುತ್ತಿಲ್ಲ.

ಗ್ರಹಾಂ ಹುಟ್ಟಿದ್ದು 1946ರಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ. ಅವರ ತಾಯಿ ಡೆಲ್ ಗ್ರಹಾಂ ಪಿಯಾನೊ ನುಡಿಸುತ್ತಾ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ಮಗ ಗಿಟಾರ್, ಜೊತೆಗೆ ಒಬ್ಬ ಡ್ರಮ್ಮರ್. ಒಟ್ಟು ಮೂರು ಜನ. ಒಂದು ಕ್ಲಬ್ಬಿನಲ್ಲಿ ಕಾಲಲ್ಲಿ ಒತ್ತುವ ಪೆಡಲುಗಳಿದ್ದ ಆರ್ಗನ್ ಇತ್ತು. ಹುಡುಗ ಕೈಯಲ್ಲಿ ಗಿಟಾರ್ ಬಾರಿಸುತ್ತಾ ಕಾಲಲ್ಲಿ ಆ ಪೆಡಲ್ ಒತ್ತಿ ತಳದ ಸ್ವರ ಕೊಡುವುದನ್ನು ರೂಢಿ ಮಾಡಿಕೊಂಡ. ಕೇಳುವವರಿಗೂ ಅದು ರೂಢಿಯಾಯಿತು. ಒಂದು ದಿನ ಆರ್ಗನ್ ಕೆಟ್ಟು ಕೂತಿತು. ತಳವೇ ಹೋಯಿತು. ಸಾಂಬಾರಿಗೆ ಬೇಳೆ ಹಾಕದ ಹಾಗೆ. ಏನು ಮಾಡೋದು? ಅಂಗಡಿಯಿಂದ ಒಂದು ಬೇಸ್ ಗಿಟಾರನ್ನು ಬಾಡಿಗೆಗೆ ತಂದರು. ಆರ್ಗನ್ ರಿಪೇರಿ ಆಗುವ ತನಕ, ಅಷ್ಟೇ ಅಂತ. ಆರ್ಗನ್ ರಿಪೇರಿ ಆಗಲೇ ಇಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ದಿನಕ್ಕೆ ತಾಯಿ ಡ್ರಮ್ಮರ್ ಬೇಡ, ನಾವಿಬ್ಬರೇ ಸಾಕು ಅಂದರು. ಡ್ರಮ್ಸ್ ಇಲ್ಲದೆ ಕುಣಿಯುವವರು ಹೇಗೆ ಕುಣಿಯಬೇಕು? ಹುಡುಗ ಒಂದು ಉಪಾಯ ಮಾಡಿದ. ಕಾಲಲ್ಲಿ ತುಳಿಯುವ ದೊಡ್ಡ ಡ್ರಮ್ಮಿನ ಬದಲು ಹೆಬ್ಬೆರಳಲ್ಲಿ ದಪ್ಪ ತಂತಿಗೆ ಗುದ್ದಿದ. ಪಟ್ ಅನ್ನುವ ಸ್ನೇರ್ ಡ್ರಮ್ಮಿನ ಬದಲು ಇನ್ನೊಂದು ಬೆರಳಲ್ಲಿ ಸಣ್ಣ ತಂತಿಯನ್ನು ಎಳೆದು ಬಿಟ್ಟ. ಧಮ್, ಪಟ್. ಧಮ್, ಪಟ್. ಒಬ್ಬನೇ ಮನುಷ್ಯ ಬೇಸೂ ಆದ, ಡ್ರಮ್ಮೂ ಆದ. ಬೇಸನ್ನು ಕ್ರಮವಾಗಿ ಕಲಿತವನಾಗಿದ್ದರೆ ಹೀಗೆ ಬಾರಿಸೋದಕ್ಕೆ ಅವನ ಮೇಷ್ಟ್ರು ಬಿಡುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲವೇನೋ.

ಹೇಳಿದಷ್ಟು ಸುಲಭವಲ್ಲ ಅದು. ಹೆಬ್ಬೆರಳಿನ ಗೆಣ್ಣಿನ ಪಕ್ಕದ ಮೂಳೆಯಿಂದ ಹೊಡೆಯಬೇಕು, ಹೊಡೆದ ಕ್ಷಣವೇ ಬೆರಳು ತಂತಿ ಬಿಟ್ಟು ಏಳಬೇಕು. ಒಂಚೂರು ತಡವಾದರೂ ಸ್ವರ ಸತ್ತುಹೋಗುತ್ತದೆ. ಹೊಸಬರಿಗೆ ಎರಡೇ ದಿನಕ್ಕೆ ಅಲ್ಲೊಂದು ಗುಳ್ಳೆ. ನನ್ನ ಹತ್ತಿರ ಬರುವ ಹುಡುಗರು ಮೊದಲ ದಿನವೇ ಮೊಬೈಲಿನಲ್ಲಿ ವಿಡಿಯೊ ತೋರಿಸಿ, ಸಾರ್, ಈ ಸ್ಪೀಡು ಬೇಕು ಅನ್ನುತ್ತಾರೆ. ಸ್ಪೀಡು ಆಮೇಲೆ ಕಣಪ್ಪಾ, ಮೊದಲು ಒಂದು ಎಲ್ಲಿದೆ ತೋರಿಸು ಅನ್ನುತ್ತೇನೆ. ಮುಖ ಸಣ್ಣದಾಗುತ್ತದೆ. ಆಗಲಿ.

ಕಥೆ ಇನ್ನೂ ಇದೆ. ಆ ಕ್ಲಬ್ಬಿಗೆ ಬರುತ್ತಿದ್ದ ಒಬ್ಬ ಹೆಂಗಸು ಇದನ್ನು ಕೇಳಿ ಮರುಳಾದರು. ಆಗ ಸ್ಲೈ ಸ್ಟೋನ್ ಅನ್ನುವವರು ಅಲ್ಲಿಯ ರೇಡಿಯೊದಲ್ಲಿ ಹಾಡು ಹಾಕುವ ಕೆಲಸದಲ್ಲಿದ್ದರು. ಆಕೆ ಅವರಿಗೆ ಫೋನ್ ಮಾಡಿದರು, ಬಂದು ಈ ಹುಡುಗನನ್ನು ಕೇಳಿ ಅಂತ. ಮತ್ತೆ ಮಾಡಿದರು. ಬಿಡಲೇ ಇಲ್ಲ. ಕೊನೆಗೆ ಸ್ಲೈ ಬಂದು ಕೇಳಿದರು, ಗ್ರಹಾಂ ಅವರನ್ನು ತಾವು ಕಟ್ಟುತ್ತಿದ್ದ ತಂಡಕ್ಕೆ ಸೇರಿಸಿಕೊಂಡರು. ಅದೇ ಮುಂದೆ ಫಂಕಿಗೆ ಹೆಸರಾದ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್. ಇವತ್ತು ಪ್ರಪಂಚದಲ್ಲಿ ಬೇಸ್ ಗಿಟಾರನ್ನು ಹೆಬ್ಬೆರಳಲ್ಲಿ ಹೊಡೆಯುವವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ಗ್ರಹಾಂ ಅವರಿಂದಲೇ. ರೇಡಿಯೊಗೆ ಫೋನ್ ಮಾಡುವ ಕೇಳುಗರನ್ನು ನಾನು ಯಾವತ್ತೂ ಹಗುರವಾಗಿ ಕಾಣುವುದಿಲ್ಲ.

ಅಯ್ಯೋ, ಬರೆದುಕೊಂಡು ಬಂದ ಹಾಳೆಗಳಲ್ಲಿ ಇನ್ನೂ ಎರಡು ಉಳಿದಿವೆ. ಬೇಗ ಬೇಗ ಹೇಳಿಬಿಡುತ್ತೇನೆ.

2008ರ ಆ ಆಲ್ಬಂನಲ್ಲಿ ಬೂಟ್ಸಿ ಕಾಲಿನ್ಸ್ ಅನ್ನುವ ಇನ್ನೊಬ್ಬ ಬೇಸ್ ವಾದಕರೂ ಇದ್ದಾರೆ. 1970ರಲ್ಲಿ ಜೇಮ್ಸ್ ಬ್ರೌನ್ ತಂಡದವರು ದುಡ್ಡಿನ ವಿಷಯಕ್ಕೆ ಮುನಿಸಿಕೊಂಡಾಗ ಬ್ರೌನ್ ವಿಮಾನದಲ್ಲಿ ಕರೆಸಿಕೊಂಡ ಹುಡುಗರಲ್ಲಿ ಇವರೊಬ್ಬರು, ಆಗ ಹದಿನೆಂಟು ವರ್ಷ. ಬೂಟ್ಸಿ ಬೆರಳು ತಂತಿಯ ತುಂಬ ಓಡಾಡುತ್ತಿತ್ತು. ಬ್ರೌನ್ ಹೇಳಿಕೊಟ್ಟದ್ದು ಏನು ಗೊತ್ತಾ? ಒಂದನ್ನು ನನಗೆ ಕೊಡು, ಮಿಕ್ಕ ಜಾಗದಲ್ಲಿ ನಿನಗೆ ಬೇಕಾದ್ದು ಮಾಡಿಕೋ ಅಂತ. ನೋಡಿ, ಮತ್ತೆ ಒಂದು!

ಕಲ್ಬರ್ಟ್‌ಸನ್ ಬೆನ್ನಿಗೆ ನಿಂತು ಈ ಆಲ್ಬಂ ಮಾಡಿಸಿದವರು ಮಾರಿಸ್ ವೈಟ್, ಅರ್ಥ್ ವಿಂಡ್ ಅಂಡ್ ಫೈರ್ ಕಟ್ಟಿದವರು. ಅಪ್ಪನ ರೆಕಾರ್ಡಿನಲ್ಲಿ ಕೇಳಿದ ಮನುಷ್ಯ ಮಗನ ಪಕ್ಕದಲ್ಲಿ ಬಂದು ಕೂತ ಹಾಗಾಯಿತು ಅಲ್ವಾ? ವೈಟ್ ಅವರೂ ಷಿಕಾಗೊದಲ್ಲಿ ರಾಮ್ಸಿ ಲೂಯಿಸ್ ಅವರ ಜಾಝ್ ತಂಡದಲ್ಲಿ ಡ್ರಮ್ಸ್ ಬಾರಿಸಿ, ಆಮೇಲೆ ಈ ಕಡೆ ಬಂದವರು. ಆ ಹೊತ್ತಿಗೆ ಪಾರ್ಕಿನ್ಸನ್ ಕಾಯಿಲೆಯಿಂದ ಊರೂರು ಸುತ್ತುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. 2016ರಲ್ಲಿ ತೀರಿಕೊಂಡರು.

ಇನ್ನೊಂದು ಮಾತು. ಅದೇ 2008ರಲ್ಲಿ ನ್ಯೂಯಾರ್ಕಿನ ಸ್ಮೂತ್ ಜಾಝ್ ಕೇಂದ್ರ ಬೇರೆ ಸಂಗೀತಕ್ಕೆ ತಿರುಗಿತು. ಮರುವರ್ಷ ಷಿಕಾಗೊದ್ದೂ ಹೋಯಿತು. ಯಾರನ್ನೂ ಎಬ್ಬಿಸಬಾರದು ಅಂತ ಮಾಡಿದ ಸಂಗೀತ, ನಿಂತುಹೋದಾಗ ಎಷ್ಟು ಜನ ಎದ್ದು ಕೇಳುತ್ತಾರೆ ಹೇಳಿ? ಸ್ವಲ್ಪ ಖಾರವಾಯಿತು, ಇರಲಿ. ಕಲ್ಬರ್ಟ್‌ಸನ್ ಮೆತ್ತಗಿನ ಸಂಗೀತವನ್ನು ಪೂರ್ತಿ ಬಿಟ್ಟಿಲ್ಲ. ಆದರೆ 2017ರಲ್ಲಿ ಇನ್ನೊಂದು ಆಲ್ಬಂ ಮಾಡಿದಾಗ ಹೆಸರು ಹುಡುಕುವ ಗೋಜಿಗೇ ಹೋಗಲಿಲ್ಲ. ಫಂಕ್ ಅಂತಲೇ ಇಟ್ಟರು.

ಅವರ ಕಛೇರಿಯ ವಿಡಿಯೊ ಸಿಕ್ಕರೆ ನೋಡಿ. ಪಿಯಾನೊ ಬಿಟ್ಟು ಎದ್ದು ಟ್ರಾಂಬೋನ್ ಕೈಗೆತ್ತಿಕೊಳ್ಳುತ್ತಾರಲ್ಲ, ಆಗ ಅವರ ಕೈ ನೋಡಬೇಡಿ, ಕಾಲು ನೋಡಿ. ಹಿಮ್ಮಡಿ ಯಾವಾಗ ನೆಲಕ್ಕೆ ಬೀಳುತ್ತದೆ ಅಂತ ಎಣಿಸಿ. ಸೌಟು ಇನ್ನೂ ಕೈಯಲ್ಲೇ ಇದೆ ತಾನೇ?

ನಮಸ್ಕಾರ.