ಉಳಿದ ಉಪ್ಪು ಎಲ್ಲಿ ಹೋಯ್ತು ಸ್ವಾಮಿ?

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟೆ. ಕಾರಣ ಒಂದು ಕಾಮೆಂಟ್. "ಸರ್, ಅಬುಧಾಬಿ ಮರಳಲ್ಲಿ ಸಾಲ್ಟ್‌ಬುಷ್ ನೆಟ್ರೆ ಮುಗೀತು, ಬೋರ್ ನೀರಿನ ಉಪ್ಪನ್ನೆಲ್ಲ ಅದೇ ಹೀರ್ಕೊಳ್ಳತ್ತೆ." ಸಾಲ್ಟ್‌ಬುಷ್ ಅಂದ್ರೆ ಉಪ್ಪು ನೆಲದಲ್ಲೂ ಬೆಳೆಯೋ ಪೊದೆ. ಆ ಕಾಮೆಂಟಿಗೆ ಲೈಕುಗಳ ಸುರಿಮಳೆ ಬೇರೆ!

ಹೀರ್ಕೊಳ್ಳಲ್ಲ ಸ್ವಾಮಿ. ತಡ್ಕೊಳ್ಳತ್ತೆ, ಅಷ್ಟೇ.

ಲೆಕ್ಕ ಹಾಕಿ. ನೀರಿನ ಇ.ಸಿ. (ನೀರು ಎಷ್ಟು ವಿದ್ಯುತ್ ಹರಿಸತ್ತೆ ಅನ್ನೋದರಿಂದ ಉಪ್ಪನ್ನ ಅಳೆಯೋ ಅಂಕಿ) 10 ಅಂದ್ರೆ ಲೀಟರಿಗೆ ಸುಮಾರು 6.4 ಗ್ರಾಂ ಉಪ್ಪು. ಪೊದೆಗೆ ದಿನಕ್ಕೆ 10 ಲೀಟರ್ ಬಿಟ್ರಿ, 64 ಗ್ರಾಂ. ವರ್ಷಕ್ಕೆ 23 ಕೆಜಿ, ಒಂದೇ ಪೊದೆಯ ಬುಡಕ್ಕೆ! ಧಾರಾಳವಾಗಿ 2 ಕೆಜಿ ಒಣ ಎಲೆ ಕೊಯ್ದು ಆಚೆ ಸಾಗಿಸಿದ್ರಿ ಅನ್ನಿ. ಅದರಲ್ಲಿ ಕಾಲುಭಾಗ ಉಪ್ಪೇ ಇದ್ರೂ ಅರ್ಧ ಕೆಜಿ. ಉಳಿದಿದ್ದು ಎಲ್ಲಿ ಹೋಯ್ತು?

ಗಿಡದ ಬಗ್ಗೆ ನನಗೇನೂ ತಕರಾರಿಲ್ಲ. ಸಾಲ್ಟ್‌ಬುಷ್ ಎಲೆಯನ್ನ ಬೆರಳಲ್ಲಿ ಉಜ್ಜಿ ನೋಡಿ, ಬೆಳ್ಳಿ ಬಣ್ಣದ ಹಿಟ್ಟು ಅಂಟತ್ತೆ. ಅದು ಧೂಳಲ್ಲ. ಸಣ್ಣ ತೊಟ್ಟಿನ ಮೇಲೆ ಕೂತ ಬಲೂನಿನಂಥ ಜೀವಕೋಶಗಳು. ಸೋಡಿಯಂ, ಕ್ಲೋರೈಡ್ ಎರಡನ್ನೂ ಗಿಡ ಅಲ್ಲಿಗೆ ತಳ್ಳತ್ತೆ. ಎಲೆ ಹಳೇದಾದಾಗ ಅವು ಒಡೆದು ಮೇಲೆ ಬಿಳಿ ಪೊರೆ ಕಟ್ಟತ್ತೆ, ಬಿಸಿಲನ್ನೂ ಸ್ವಲ್ಪ ವಾಪಸ್ ಕಳಿಸತ್ತೆ. ಒಳಗೆ ಉಳಿದ ಸೋಡಿಯಂ ಜೀವಕೋಶದೊಳಗಿನ ರಸದ ಚೀಲದಲ್ಲಿ ಬಂದಿ. ಅದಕ್ಕೆ ಸಮತೂಕವಾಗಿ ಆ ಚೀಲದ ಹೊರಗಿನ ಜೀವರಸದಲ್ಲಿ ಗ್ಲೈಸಿನ್ ಬೀಟೇನ್ ಅನ್ನೋ, ಜೀವಕೋಶಕ್ಕೆ ಹಾನಿ ಮಾಡದ ವಸ್ತು ತುಂಬ್ಕೊಳ್ಳತ್ತೆ. ಟಾಮರಿಸ್ಕ್ ಅನ್ನೋ ಇನ್ನೊಂದು ಉಪ್ಪುನೆಲದ ಗಿಡಕ್ಕೆ ಗ್ರಂಥಿಗಳಿವೆ, ಎಲೆಯಿಂದಲೇ ಉಪ್ಪು ಜಿನುಗತ್ತೆ. ಸುಯೇಡಾ ಅನ್ನೋ ಗಿಡ ಎಲೆ ದಪ್ಪ ಮಾಡ್ಕೊಂಡು, ನೀರು ತುಂಬ್ಕೊಂಡು ಉಪ್ಪಿನ ಸಾಂದ್ರತೆ ಕಡಿಮೆ ಮಾಡತ್ತೆ. ಎಲ್ಲಾ ಸೊಗಸೇ. ಆದ್ರೆ ಆ ಎಲೆ ಉದುರೋದು ಎಲ್ಲಿ? ಅದೇ ಬುಡಕ್ಕೆ!

ಉಪ್ಪು ತಿಂದವರು ನೀರು ಕುಡೀಲೇಬೇಕು. ಉಪ್ಪನ್ನ ಬೇರಿನ ಕೆಳಕ್ಕೆ ತೊಳೆಯೋಕೆ ಹೆಚ್ಚುವರಿ ನೀರು ಬೇಕು. ಎಷ್ಟು ಅನ್ನೋದಕ್ಕೆ ಒಂದು ಸೂತ್ರ ಇದೆ. ನೀರಿನ ಇ.ಸಿ. 10, ಮಣ್ಣಲ್ಲಿ 12 ದಾಟಬಾರದು ಅಂತಿದ್ರೆ: 12ನ್ನ 5ರಿಂದ ಗುಣಿಸಿ, 10 ಕಳೀರಿ, 50. ನೀರಿನ 10ನ್ನ ಅದರಿಂದ ಭಾಗಿಸಿ, 0.2. ಅಂದ್ರೆ ಬಿಟ್ಟ ನೀರಲ್ಲಿ ಶೇ. 20 ಬೇರು ದಾಟಿ ಇಳೀಬೇಕು. ಗಿಡ ಕುಡಿಯೋದು 10 ಲೀಟರ್ ಆದ್ರೆ ಬಿಡಬೇಕಾದ್ದು ಹನ್ನೆರಡೂವರೆ. "ಹೆಚ್ಚು ನೀರು ಅಂದ್ರೆ ಹೆಚ್ಚು ಉಪ್ಪಲ್ವಾ?" ಹೌದು ಮಹಾಪ್ರಭು, ಬರತ್ತೆ, ಆದ್ರೆ ಆಚೆಗೂ ಹೋಗತ್ತೆ! ಈಗ ಅದು ಹೋಗ್ತಾನೇ ಇಲ್ವಲ್ಲ.

ಇನ್ನೊಂದು ಮಹಾಪರಾಧ. ಡ್ರಿಪ್ಪಲ್ಲಿ ಉಪ್ಪು ಒದ್ದೆ ವೃತ್ತದ ಅಂಚಿಗೆ ಸರಿದು ಬಳೆಯಂತೆ ಕೂತಿರತ್ತೆ. ಅಪರೂಪಕ್ಕೆ ನಾಲ್ಕು ಹನಿ ಮಳೆ ಬಂತು ಅಂತ ಖುಷಿಯಲ್ಲಿ ಡ್ರಿಪ್ ಬಂದ್ ಮಾಡ್ತೀರಿ. ಆ ಮಳೆ ಬಳೆಯನ್ನ ಕರಗಿಸಿ ಸೀದಾ ಬೇರಿಗೇ ತರತ್ತೆ, ಎಳೇ ಗಿಡ ಸುಟ್ಟುಹೋಗತ್ತೆ. ಸಣ್ಣ ಮಳೆ ಬರುವಾಗ ಡ್ರಿಪ್ ನಡೀತಾನೇ ಇರಲಿ. ಹಗಲು ಸ್ಪ್ರಿಂಕ್ಲರ್ ಹಾಕೋರಿಗೆ ನಾನೇನೂ ಹೇಳಲ್ಲ, ಎಲೆಯ ಸುಟ್ಟ ಅಂಚೇ ಹೇಳತ್ತೆ.

ನಂಬಿಕೆ ಇಲ್ವಾ? 30, 60, 90 ಸೆಂಟಿಮೀಟರಿನಿಂದ ಮಣ್ಣು ತೆಗೆದು ಅಳೀರಿ. ಕೆಳಗೆ ಹೋದಷ್ಟೂ ಉಪ್ಪು ಹೆಚ್ಚಿದ್ರೆ ತೊಳೆತ ನಡೀತಿದೆ. ಮೇಲೇ ಹೆಚ್ಚಿದ್ರೆ ಇಲ್ಲ. ಅಡಿಯಲ್ಲಿ ಗಟ್ಟಿ ಪದರ ಇದ್ರೆ ಮೊದಲು ಬಸಿಗಾಲುವೆ ಮಾಡಿ, ಇಲ್ಲಾಂದ್ರೆ ನೀರು ನಿಂತು ಉಪ್ಪು ಮತ್ತೆ ಮೇಲೆ ಬರತ್ತೆ. ಸಿಂಧನೂರು, ಗಂಗಾವತಿ ರೈತರಿಗೆ ಸವಳು-ಜವಳು ಅಂದ್ರೇನು ಅಂತ ವಿವರಿಸಬೇಕಾಗಿಲ್ಲ.

ಉಪ್ಪುನೀರಿನ ಬೇಸಾಯಕ್ಕೇ ಅಂತ ದುಬೈನಲ್ಲಿ 1999ರಿಂದ ಒಂದು ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ನೆಟ್ಟು ಕೈ ತೊಳ್ಕೊಂಡ್ರೆ ಆಗೋದಾಗಿದ್ರೆ ಅವರು ಎಂದೋ ಬೀಗ ಹಾಕ್ತಿದ್ರು. "ಬನ್ನಿ ಮರ ನೆಟ್ರೆ?" ಅಲ್ಲಿ ಅದನ್ನ ಗಾಫ್ ಅಂತಾರೆ, ರಾಷ್ಟ್ರೀಯ ಮರ. ನೆಡಿ, ನಮಸ್ಕಾರ ಮಾಡಿ, ಅದರ ಬುಡದ ಉಪ್ಪನ್ನೂ ತೊಳೀರಿ!

ತಡ್ಕೊಳ್ಳತ್ತೆ, ತೆಗೆಯಲ್ಲ. ಇನ್ನೆಷ್ಟು ಸಲ ಹೇಳ್ಲಿ? ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿಸ್ತೀನಿ, ಕೊಳ್ಳೋರು ಹೇಳಿ. ಸಬ್‌ಸ್ಕ್ರೈಬ್ ಮಾಡಿ, ಗಲ್ಫಲ್ಲಿ ತೋಟದ ಕೆಲಸದಲ್ಲಿರೋ ನಿಮ್ಮ ಭಾವ, ಮಾವ, ಎಲ್ರಿಗೂ ಕಳಿಸಿ. ಮುಂದಿನ ವಾರ ಜಿಪ್ಸಮ್. ಅದರ ಕಾಮೆಂಟುಗಳನ್ನ ಓದೋಕೆ ನನಗೆ ಈಗಲೇ ಭಯ.