ಪೆಟ್ಟು ಬಿದ್ದ ಮೇಲೆ ಬೆನ್ನುಹುರಿಯೊಳಗೆ ಏನಾಗುತ್ತದೆ?

ಕೇಳುಗರಿಗೆ ನಮಸ್ಕಾರ. ಬೆನ್ನಿಗೆ ಜೋರಾಗಿ ಪೆಟ್ಟು ಬಿದ್ದು ಕಾಲಿನ ಸ್ವಾಧೀನ ತಪ್ಪಿತು ಅಂದರೆ ಒಳಗೆ ನರ ಕಡಿದೇ ಹೋಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಬೆನ್ನುಹುರಿ, ಅಂದರೆ ಮೆದುಳಿನಿಂದ ಬೆನ್ನುಮೂಳೆಯೊಳಗೆ ಇಳಿದುಬರುವ ನರಗಳ ಕಟ್ಟು, ಪೂರ್ತಿ ತುಂಡಾಗುವುದು ಅಪರೂಪ. ಜಾಸ್ತಿ ಸಲ ಅದು ಜಜ್ಜಿಹೋಗಿರುತ್ತದೆ.

ದೊಡ್ಡವರಲ್ಲಿ ಈ ಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಎತ್ತರದಿಂದ ಬಿದ್ದಾಗಲೋ ವಾಹನ ಗುದ್ದಿದಾಗಲೋ ಬೆನ್ನುಮೂಳೆ ಒಡೆದು ಅಥವಾ ಜಾರಿ ಅದನ್ನು ಅದುಮುತ್ತದೆ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ.

ಹಾನಿ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಹುರಿಯ ನಡುಭಾಗದ ಸಣ್ಣ ರಕ್ತನಾಳಗಳು ಒಡೆದು ರಕ್ತ ಸೋರುತ್ತದೆ, ಊತ ಬರುತ್ತದೆ. ಊದಿಕೊಳ್ಳಲು ಜಾಗ ಎಲ್ಲಿದೆ? ಸುತ್ತ ಗಟ್ಟಿ ಮೂಳೆ. ಹಾಗಾಗಿ ಊತವೇ ಉಳಿದ ರಕ್ತನಾಳಗಳನ್ನು ಒತ್ತಿಹಿಡಿದು, ಪೆಟ್ಟೇ ತಾಗದ ನರಕೋಶಗಳಿಗೂ ಆಮ್ಲಜನಕ ಸಿಗದ ಹಾಗೆ ಮಾಡುತ್ತದೆ. ಸಾಯುತ್ತಿರುವ ಕೋಶಗಳಿಂದ ಗ್ಲುಟಮೇಟ್ ಹೊರಬೀಳುತ್ತದೆ. ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ದಿನವೂ ಬಳಸುವ ರಾಸಾಯನಿಕವೇ ಇದು, ಆದರೆ ಅತಿಯಾದಾಗ ಪಕ್ಕದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಮುಂದಿನ ವಾರಗಳಲ್ಲಿ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯೂ ಕಳಚುತ್ತದೆ. ಆಗ ತಂತು ಉಳಿದಿದ್ದರೂ ಅದರಲ್ಲಿ ಸುದ್ದಿ ಸರಿಯಾಗಿ ಸಾಗುವುದಿಲ್ಲ. ನನಗೆ ತುಂಬಾ ಸಂಕಟ ಅನಿಸುವುದು ಇದೇ, ಮೊದಲ ಪೆಟ್ಟಿಗೆ ಬದುಕುಳಿದದ್ದು ಆಮೇಲೆ ಕೈತಪ್ಪಿ ಹೋಗುವುದು.

ಇದರ ಸುಳಿವು ಹೊಸದೇನಲ್ಲ. 1911ರಲ್ಲಿ ಆಲ್ಫ್ರೆಡ್ ಅಲೆನ್ ಎಂಬ ಅಮೆರಿಕದ ವೈದ್ಯರು ನಾಯಿಗಳ ಬೆನ್ನುಹುರಿಯ ಮೇಲೆ ತೂಕ ಬೀಳಿಸಿ ಪ್ರಯೋಗ ಮಾಡಿದರು. ಆಮೇಲೆ ಬೇಗನೆ ಹುರಿಯನ್ನು ಸೀಳಿ ಒಳಗೆ ಕಟ್ಟಿಕೊಂಡ ರಕ್ತ ತೆಗೆದಾಗ ಅವು ಹೆಚ್ಚು ಚೇತರಿಸಿಕೊಂಡವು.

ಪೆಟ್ಟು ಎಷ್ಟು ಮೇಲಿದೆಯೋ ತೊಂದರೆ ಅಷ್ಟು ಜಾಸ್ತಿ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ನರ ಹೋಗುವುದು ಕುತ್ತಿಗೆಯ ಭಾಗದ ಹುರಿಯಲ್ಲಿ ಮೇಲಿನಿಂದ ಎಣಿಸಿದರೆ 3, 4, 5ನೇ ಮಟ್ಟದಿಂದ. ಅದಕ್ಕಿಂತ ಮೇಲೆ ಹುರಿ ಪೂರ್ತಿ ಕೆಟ್ಟರೆ ಉಸಿರೇ ನಿಲ್ಲುತ್ತದೆ. ಕುತ್ತಿಗೆ, ಎದೆಯ ಮೇಲ್ಭಾಗದ ಪೆಟ್ಟಿನಲ್ಲಿ ರಕ್ತದೊತ್ತಡ ಕುಸಿದು ನಾಡಿಯೂ ನಿಧಾನವಾಗಬಹುದು. ಒತ್ತಡ ಕುಸಿದರೆ ಗಾಯವಾದ ಹುರಿಗೆ ಸಿಗುವ ರಕ್ತ ಇನ್ನೂ ಕಡಿಮೆ. ಅದಕ್ಕೇ ವೈದ್ಯರು ಮೊದಲು ಉಸಿರು, ರಕ್ತದೊತ್ತಡ ನೋಡುತ್ತಾರೆ, ಹುರಿಯ ಮೇಲಿನ ಒತ್ತಡ ತೆಗೆಯುವ ಆಪರೇಷನ್ ಅನ್ನು ಸಾಧ್ಯವಾದರೆ 24 ಗಂಟೆಯೊಳಗೆ ಮಾಡುತ್ತಾರೆ.

ಬಿದ್ದವರನ್ನು ದಯವಿಟ್ಟು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಅಲ್ಲೇ ಇರಲಿ. ತಲೆ, ಕುತ್ತಿಗೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರಾಡುತ್ತಿದ್ದಾರಾ ಅಂತ ನೋಡುತ್ತಾ ಆಂಬುಲೆನ್ಸ್ ಬರುವವರೆಗೂ ಜೊತೆಗೇ ಇರಿ.